ಮೂಲವಿಗ್ರಹವೂ ಉತ್ಸವಮೂರ್ತಿಯೂ

ನಮ್ಮ ಮನೆಯ ಹಜಾರದಲ್ಲಿ ಗೋಡೆಗೆ ಒತ್ತಿ ನಿಂತಿರುವ ಬೀಟೆಮರದ ಬೀರುವಿನ ಮೇಲಿನ ಎರಡು ಅಂಕಣಗಳು ಪುಸ್ತಕಗಳಿಗೂ ಕೆಳಗಿನ ಮೂರು ಅಂಕಣಗಳು ಡಿವಿಡಿಗಳಿಗೂ ಮೀಸಲಾಗಿ ಇಪ್ಪತ್ತು ವರ್ಷಗಳಾಗುತ್ತ ಬಂದುವು. ಕಾಗದಕ್ಕೆ ಗೆದ್ದಲೂ ಜಿರಳೆಯೂ ಮಳೆಗಾಲದ ತೇವವೂ ಶತ್ರುಗಳು; ಪ್ಲಾಸ್ಟಿಕ್ಕಿಗೆ ಇವಾವುವೂ ತಗಲಲಾರವು; ಆದಕಾರಣ ನನ್ನ ತರುವಾಯ ಉಳಿಯತಕ್ಕ ಸೊತ್ತು ಯಾವುದಾದರೂ ಇದ್ದರೆ ಅದು ಕೆಳಗಿನ ಅಂಕಣಗಳದ್ದೇ ಎಂದು ನಂಬಿಕೊಂಡಿದ್ದೆ. ಕಳೆದ ಶ್ರಾವಣದ ಒಂದು ಸಂಜೆ ನಮ್ಮ ಪ್ಲೇಯರು ಬಿಲ್ಲೆಯನ್ನು ಒಳಗೆಳೆದುಕೊಂಡು, ಸ್ವಲ್ಪ ಹೊತ್ತು ಕೊರಕೊರ ಸದ್ದುಮಾಡಿ, ಏನನ್ನೂ ತೋರಿಸದೆ ಹೊರಕ್ಕೆ ಚಾಚಿಬಿಟ್ಟಿತು. ರಿಪೇರಿಯ ಹುಡುಗ ಅದನ್ನು ಬಿಚ್ಚಿ ನೋಡಿ, ಸಾವಿನ ಮನೆಗೆ ಬಂದವನ ಧ್ವನಿಯಲ್ಲಿ, “ಸಾರ್, ಇದಕ್ಕೆ ಲೆನ್ಸ್ ಸಿಗೋದು ನಿಂತು ಎಷ್ಟೋ ವರ್ಷ ಆಯ್ತು” ಎಂದ. ಮಗಳ ಲ್ಯಾಪ್‌ಟಾಪಿನಲ್ಲಾದರೂ ಹಾಕಿ ನೋಡೋಣವೆಂದರೆ ಬಿಲ್ಲೆಯನ್ನಿಡುವ ಬಾಯಿಯೇ ಅದಕ್ಕಿಲ್ಲ. ಪುಸ್ತಕಕ್ಕೆ ಕಣ್ಣೂ ಬೆಳಕೂ ಸಾಕು. ಡಿವಿಡಿಗೆ ಮಧ್ಯಸ್ಥನಾದ ಯಂತ್ರವೊಂದು ಬೇಕು. ಆ ಮಧ್ಯಸ್ಥನ ಕುಲವೇ ಕ್ಷೀಣಿಸುತ್ತಿದೆಯೆಂಬ ಸರಳ ಸಂಗತಿ ನನಗೆ ಹೊಳೆದದ್ದು ಅಂದು.

ಎಣಿಸಿ ನೋಡಿದೆ, 214 ಇದ್ದುವು. ಶಂಕರನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿ, ನಮ್ಮ ಹಳೆಯ ಕನ್ನಡ ಚಿತ್ರಗಳು ಕೆಲವು, ಹಿಂದಿಯವು ಹಲವು, ನ್ಯೂಜೆರ್ಸಿಯಲ್ಲಿರುವ ಸೋದರಳಿಯ ಊರಿಗೆ ಬಂದಾಗಲೆಲ್ಲ ತಂದುಕೊಟ್ಟ ಜಪಾನೀ ಮತ್ತು ಯೂರೋಪಿನ ಚಿತ್ರಗಳು ಮೂವತ್ತು ನಲವತ್ತು. ಇವುಗಳಿಗೆ ಪ್ರತಿ ಮಾಡಿಟ್ಟುಕೊಳ್ಳುವುದು ಹೇಗೆಂದು ಬಲ್ಲವರನ್ನು ಕೇಳಿದರೆ ಒಬ್ಬೊಬ್ಬರದು ಒಂದೊಂದು ಶಾಸ್ತ್ರ. ಒಬ್ಬರು ಖಾಲಿ ಡಿವಿಡಿಗೆ ಬರೆದುಕೊಳ್ಳಿ ಎಂದರು. ಒಬ್ಬರು ಹಿಂಡಿ ಸಣ್ಣದು ಮಾಡಿ ಪೆನ್‌ಡ್ರೈವಿಗೆ ಹಾಕಿ ಎಂದರು. ಮೂರನೆಯವರು, ಇವೆಲ್ಲ ಈಗ ಮೊಬೈಲಿನಲ್ಲೇ ಬರುತ್ತವಲ್ಲ, ಹಳೆಯ ಸಾಮಾನಿನವನಿಗೆ ತೂಕಕ್ಕೆ ಹಾಕಿಬಿಡಿ ಎಂದು ನಕ್ಕರು. ನಕಲು ತಡೆಯಲು ಬಿಲ್ಲೆಗೆ ಹಾಕಿರುವ ಬೀಗ ತೆಗೆಯುವುದೊಂದೇ ಕಷ್ಟ, ಅದಾದಮೇಲೆ ಎಲ್ಲವೂ ಸುಗಮ ಎಂಬ ಭಾವನೆ ಮಾತ್ರ ಎಲ್ಲರಲ್ಲಿಯೂ ಸಮಾನವಾಗಿತ್ತು. ಒಂದು ವರ್ಷ ಈ ಕೆಲಸದಲ್ಲಿ ಕೈಯಾಡಿಸಿದ ಮೇಲೆ ನಾನು ಕಂಡುಕೊಂಡದ್ದು ಇದಕ್ಕೆ ವಿಪರೀತ. ಬೀಗದ ವಿಷಯ ಕಾಲು ಗಂಟೆಯದು. ತೆರೆದ ಪೆಟ್ಟಿಗೆಯಿಂದ ಏನನ್ನು ಎತ್ತಿಡಬೇಕು, ಏನನ್ನು ಬಿಟ್ಟರೆ ನಷ್ಟವಿಲ್ಲ ಎಂಬ ವಿವೇಚನೆಯೇ ವರ್ಷವನ್ನು ತಿಂದದ್ದು.

ಮೂರನೆಯವರ ಮಾತಿಗೆ ಮೊದಲು ಉತ್ತರ ಹೇಳಿಬಿಡಬೇಕು. ಜಾಲದ ಮೂಲಕ ಬರುವ ಚಿತ್ರ ನಮ್ಮದಲ್ಲ. ಒಪ್ಪಂದ ಮುಗಿದ ದಿನ ಅದು ಹೇಳದೆ ಕೇಳದೆ ಹೊರಟುಹೋಗುತ್ತದೆ. ಇಂದು ಕನ್ನಡದ ಮೊದಲ ವಾಕ್ಚಿತ್ರವಾದ ‘ಸತಿ ಸುಲೋಚನ’ವನ್ನು ನೋಡಬೇಕೆಂದರೆ ಸಾಧ್ಯವಿಲ್ಲ, 1934ರಲ್ಲಿ ಜನ ಮುಗಿಬಿದ್ದು ನೋಡಿದ ಆ ಚಿತ್ರದ ಒಂದು ಪ್ರತಿಯೂ ಉಳಿದಿಲ್ಲ. ಪುಣೆಯ ಚಲನಚಿತ್ರ ಸಂಗ್ರಹಕ್ಕೆ 2003ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಹಳೆಯ ನೈಟ್ರೇಟ್ ಸುರುಳಿಗಳು ರಾಶಿರಾಶಿಯಾಗಿ ಉರಿದುಹೋದುವು. ಹೆಚ್ಚು ಪ್ರತಿ ಹೆಚ್ಚು ಕಡೆ ಇದ್ದದ್ದು ಉಳಿಯುತ್ತದೆ, ಒಂದೇ ಕಡೆ ಇದ್ದದ್ದು ಹೋಗುತ್ತದೆ ಎಂಬುದು ಹೊಸ ಶೋಧವೇನೂ ಅಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ವನ್ನು ಓಲೆಗರಿಯ ಮೇಲೆ ಸಾವಿರ ಪ್ರತಿ ಮಾಡಿಸಿ ಹಂಚಿದಳೆಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಅಂದು ಪ್ರತಿ ಮಾಡಿಸುವುದು ದಾನದ ಒಂದು ಪ್ರಕಾರ, ಪುಣ್ಯದ ಬಾಬು. ಸಾವಿರ ವರ್ಷ ಕಳೆಯುವ ಹೊತ್ತಿಗೆ ಅದೇ ಕ್ರಿಯೆಯ ಮುಂದೆ ‘ಶಿಕ್ಷಾರ್ಹ’ ಎಂಬ ಎಚ್ಚರಿಕೆ, ಮುಂದಕ್ಕೆ ಓಡಿಸಲಾಗದ ಹಾಗೆ, ಪರದೆಯ ಮೇಲೆ ಬಂದು ಕುಳಿತಿದೆ. ಕೃತಿಯೊಡೆಯನಿಗೆ ನ್ಯಾಯವಾಗಿ ಸಲ್ಲತಕ್ಕ ಹಣ ಸಲ್ಲಬೇಕೆಂಬುದರಲ್ಲಿ ನನಗೆ ವಿವಾದವಿಲ್ಲ. ಹಣ ಕೊಟ್ಟು ಕೊಂಡವನ ಮನೆಯಲ್ಲಿ ಕೃತಿ ಸಾಯಬೇಕೆಂಬ ನಿಯಮ ಮಾತ್ರ ನನಗೆ ಅರ್ಥವಾಗುವುದಿಲ್ಲ.

ಬಿಲ್ಲೆಯ ಒಳರಚನೆಯನ್ನು ಸ್ವಲ್ಪ ನೋಡದೆ ಮುಂದೆ ಹೋಗುವಂತಿಲ್ಲ. ಡಿವಿಡಿ ಎಂಬುದು 1996ರ ನವೆಂಬರಿನಲ್ಲಿ ಜಪಾನಿನ ಅಂಗಡಿಗಳಿಗೆ ಬಂದ ವಸ್ತು. ಅದರ ಅಡ್ಡಳತೆ 120 ಮಿಲಿಮೀಟರ್, ದಪ್ಪ 1.2 ಮಿಲಿಮೀಟರ್, ಆ ದಪ್ಪವಾದರೂ ತಲಾ 0.6 ಮಿಲಿಮೀಟರಿನ ಎರಡು ಹಾಳೆಗಳನ್ನು ಅಂಟಿನಿಂದ ಜೋಡಿಸಿದ್ದರಿಂದ ಆದದ್ದು. ಮಾಹಿತಿಯ ಪದರ ಈ ಹಾಳೆಗಳ ನಡುವೆ, ಹೋಳಿಗೆಯೊಳಗಿನ ಹೂರಣದಂತೆ, ಅಡಗಿರುತ್ತದೆ. ಒಂದು ಪದರದ ಸುರುಳಿಗೀಟನ್ನು ಬಿಡಿಸಿ ನೆಟ್ಟಗೆ ಎಳೆದರೆ ಹನ್ನೊಂದು ಹನ್ನೆರಡು ಕಿಲೋಮೀಟರ್ ಉದ್ದವಾದೀತು. ಒಂದು ಪದರದ ಬಿಲ್ಲೆ 4.7 ಗಿಗಾಬೈಟನ್ನೂ ಎರಡು ಪದರದ್ದು 8.5 ಗಿಗಾಬೈಟನ್ನೂ ಹಿಡಿಯುತ್ತದೆ. ಈ ಎರಡು ಅಂಕಿಗಳನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಬರುವ ಅನೇಕ ಅನರ್ಥಗಳಿಗೆ ಇವುಗಳ ನಡುವಣ ಅಂತರವೇ ಬೀಜ.

ಇನ್ನು ಬೀಗದ ಮಾತು. ಮತ್ಸುಶಿತಾ ಮತ್ತು ತೋಷಿಬಾ ಕಂಪನಿಗಳು ರೂಪಿಸಿದ ಸಿಎಸ್‌ಎಸ್ ಎಂಬ ಗೂಢಲಿಪಿಯ ಏರ್ಪಾಡು ಅದು. ಚಿತ್ರದ ಖಂಡಗಳನ್ನು ಕಲಸಿಟ್ಟು, ಅವುಗಳನ್ನು ಬಿಡಿಸುವ ಬೀಗದಕೈಯನ್ನು ಮತ್ತೊಂದು ಕೈಯಿಂದ ಭದ್ರಪಡಿಸಿ, ಆ ಎರಡನೆಯ ಕೈಯನ್ನು ಪರವಾನಗಿ ಪಡೆದ ಪ್ಲೇಯರುಗಳ ನೂರಾರು ಕೈಗಳಿಂದ ಬೇರೆಬೇರೆಯಾಗಿ ಮುಚ್ಚಿ, ಬಿಲ್ಲೆಯ ಒಳಅಂಚಿನ ಒಂದು ಗುಪ್ತ ವಲಯದಲ್ಲಿ ಇರಿಸುತ್ತಾರೆ. ಮಾರುಕಟ್ಟೆಯ ಖಾಲಿ ಬಿಲ್ಲೆಗಳಲ್ಲಿ ಆ ವಲಯಕ್ಕೆ ಬರೆಯಲು ಅವಕಾಶವಿಲ್ಲ. ಆದುದರಿಂದ ಬೀಗ ಹಾಕಿದ ಬಿಲ್ಲೆಯನ್ನು ಅಕ್ಷರಕ್ಕೆ ಅಕ್ಷರ ಇಳಿಸಿಕೊಂಡರೂ ಪೆಟ್ಟಿಗೆ ಬರುತ್ತದೆ, ಕೈ ಬರುವುದಿಲ್ಲ. ಮೌಸಿನಿಂದ ಕಡತಗಳನ್ನು ಎಳೆದು ಹಾರ್ಡ್ ಡಿಸ್ಕಿಗೆ ಹಾಕಿಕೊಂಡು, ಎಲ್ಲವೂ ಬಂತೆಂದು ಮೂಲವನ್ನು ಯಾರಿಗೋ ಕೊಟ್ಟು, ಆರು ತಿಂಗಳ ಮೇಲೆ ತೆರೆದು ನೋಡಿದಾಗ ಹಸಿರು ನೇರಳೆ ಚೌಕಗಳ ಕುಣಿತವನ್ನು ಕಂಡು ಬೆಪ್ಪಾದವರನ್ನು ನಾನು ಬಲ್ಲೆ.

ಈ ಬೀಗ ಬಲವಾದದ್ದೇನೂ ಅಲ್ಲ. ಅಮೆರಿಕದ ಅಂದಿನ ರಫ್ತು ನಿಯಮಗಳು ದೊಡ್ಡ ಕೈಗಳಿಗೆ ಆಸ್ಪದ ಕೊಡುತ್ತಿರಲಿಲ್ಲವಾಗಿ ಇದರ ಕೈ 40 ಬಿಟ್ಟಿನದು. ಸುಮಾರು 1.1 ಲಕ್ಷ ಕೋಟಿ ಸಾಧ್ಯತೆಗಳೆಂದರೆ ನಮಗೆ ಅಪಾರವಾಗಿ ಕಂಡರೂ ಗಣಕಯಂತ್ರಕ್ಕೆ ಅದು ಎಣಿಸಿ ಮುಗಿಸಬಹುದಾದ ರಾಶಿಯೇ. ಅದನ್ನು ಎಣಿಸುವ ಅಗತ್ಯವೂ ಬೀಳಲಿಲ್ಲ. ಒಂದು ಪ್ಲೇಯರ್ ತಂತ್ರಾಂಶದಲ್ಲಿ ಕೈಯನ್ನು ಸರಿಯಾಗಿ ಬಚ್ಚಿಡದೆ ಬಿಟ್ಟಿದ್ದರು. 1999ರ ಅಕ್ಟೋಬರಿನಲ್ಲಿ ‘ಡಿಸಿಎಸ್‌ಎಸ್’ ಎಂಬ ಪುಟ್ಟ ತಂತ್ರಾಂಶ ಹೊರಬಂತು. ಅದರ ಕರ್ತೃಗಳಲ್ಲಿ ಒಬ್ಬನಾದ ನಾರ್ವೆಯ ಯೋನ್ ಲೆಕ್ ಯೋಹಾನ್ಸೆನ್‌ಗೆ ಆಗಿನ್ನೂ ಹದಿನೈದು ವರ್ಷ. ಲಿನಕ್ಸ್ ಯಂತ್ರದಲ್ಲಿ ಡಿವಿಡಿ ನೋಡುವುದು ಅವನ ಉದ್ದೇಶವಾಗಿತ್ತು. ಅವನ ಮೇಲೆ ಮೊಕದ್ದಮೆ ಹೂಡಲಾಯಿತು. ಓಸ್ಲೋದ ನ್ಯಾಯಾಲಯ 2003ರ ಜನವರಿಯಲ್ಲಿಯೂ ಮೇಲ್ಮನವಿಯ ನ್ಯಾಯಾಲಯ ಅದೇ ಡಿಸೆಂಬರಿನಲ್ಲಿಯೂ ಅವನನ್ನು ನಿರ್ದೋಷಿಯೆಂದು ಬಿಟ್ಟುವು. ತಾನು ಕೊಂಡ ಬಿಲ್ಲೆಯನ್ನು ತಾನು ತೆರೆದು ನೋಡುವುದು ಕಳ್ಳತನವಲ್ಲವೆಂಬುದು ಆ ತೀರ್ಪಿನ ತಿರುಳು.

ಅಟ್ಲಾಂಟಿಕ್ಕಿನ ಆಚೆಯ ದಡದಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಅಮೆರಿಕದ 1998ರ ಕಾನೂನಿನ ಪ್ರಕಾರ ಬೀಗ ಮುರಿಯುವುದೂ ಮುರಿಯುವ ಉಪಕರಣವನ್ನು ಮಾರುವುದೂ, ಮುರಿದವನು ಮುಂದೆ ಏನು ಮಾಡಿದನೆಂಬುದನ್ನು ಕೇಳುವ ಮೊದಲೇ, ತಪ್ಪು. ಡಿವಿಡಿಯ ಪ್ರತಿ ತೆಗೆಯುವ ತಂತ್ರಾಂಶವನ್ನು ಮಾರುತ್ತಿದ್ದ 321 ಸ್ಟುಡಿಯೋಸ್ ಎಂಬ ಕಂಪನಿ 2004ರಲ್ಲಿ ಸೋತು ಬಾಗಿಲು ಹಾಕಿತು. ಇಂಗ್ಲೆಂಡಿನಲ್ಲಿ ಸ್ವಂತ ಉಪಯೋಗಕ್ಕೆ ಪ್ರತಿ ಮಾಡಿಕೊಳ್ಳಬಹುದೆಂಬ ನಿಯಮ 2014ರ ಅಕ್ಟೋಬರಿನಲ್ಲಿ ಬಂದು 2015ರ ಜುಲೈನಲ್ಲಿ ನ್ಯಾಯಾಲಯದಲ್ಲಿ ಬಿದ್ದುಹೋಯಿತು. ನನ್ನ ಸೋದರಳಿಯ ನ್ಯೂಜೆರ್ಸಿಯ ತನ್ನ ಮನೆಯಲ್ಲಿ ಮಾಡಿದರೆ ತಪ್ಪಾಗುವ ಕೆಲಸವನ್ನು ಅದೇ ಬಿಲ್ಲೆಯ ಮೇಲೆ ನಾನು ಇಲ್ಲಿ ಮಾಡಿದರೆ ಏನಾಗುತ್ತದೆಂಬ ಕುತೂಹಲ ನನಗೆ ಹುಟ್ಟಿದ್ದು ಸಹಜವಷ್ಟೆ.

ನಮ್ಮ ದೇಶದ ಕೃತಿಸ್ವಾಮ್ಯ ಕಾಯಿದೆ 1957ರದು. ಅದಕ್ಕೆ 2012ರಲ್ಲಿ ಬಂದ ತಿದ್ದುಪಡಿಯಲ್ಲಿ 65ಎ ಎಂಬ ಕಲಂ ಸೇರಿತು. ಕೃತಿಯ ಹಕ್ಕುಗಳನ್ನು ಕಾಯಲು ಅಳವಡಿಸಿದ ತಾಂತ್ರಿಕ ಬೀಗವನ್ನು, ಆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ, ಮೀರುವವನಿಗೆ ಎರಡು ವರ್ಷಗಳವರೆಗೆ ಸೆರೆವಾಸವೂ ದಂಡವೂ ಉಂಟು. ‘ಉದ್ದೇಶದಿಂದ’ ಎಂಬ ಆ ಒಂದು ಪದದಲ್ಲಿ ನಮ್ಮ ಶಾಸನಕರ್ತರ ವಿವೇಕವೆಲ್ಲ ಅಡಗಿದೆಯೆಂದು ನನಗನ್ನಿಸುತ್ತದೆ. ಅದೇ ಕಲಮಿನ ಎರಡನೆಯ ಭಾಗ, ಕಾಯಿದೆ ಸ್ಪಷ್ಟವಾಗಿ ನಿಷೇಧಿಸದ ಕಾರ್ಯಕ್ಕಾಗಿ ಬೀಗ ತೆಗೆಯುವುದನ್ನು ಅಪರಾಧದಿಂದ ಹೊರಗಿಡುತ್ತದೆ. ಇದರ ಜತೆಗೆ 52ನೆಯ ಕಲಮನ್ನೂ ಓದಬೇಕು: ಖಾಸಗಿ ಉಪಯೋಗಕ್ಕಾಗಿ ಮಾಡುವ ನ್ಯಾಯೋಚಿತ ಬಳಕೆಗೆ ಇರುವ ರಕ್ಷಣೆ ಮೊದಲು ಸಾಹಿತ್ಯ, ನಾಟಕ, ಸಂಗೀತ, ಚಿತ್ರಕಲೆಗಳಿಗಷ್ಟೇ ಇದ್ದದ್ದು, 2012ರಲ್ಲಿ ಕಂಪ್ಯೂಟರ್ ತಂತ್ರಾಂಶವೊಂದನ್ನು ಬಿಟ್ಟು ಯಾವುದೇ ಕೃತಿಗೆ ಎಂದಾಯಿತು; ಅಂದರೆ ಚಲನಚಿತ್ರವೂ ಆ ಕೊಡೆಯ ಕೆಳಗೆ ಬಂದು ನಿಂತಿತು. ಹಾಗೆಂದು ಚಲನಚಿತ್ರಕ್ಕೆ ಬ್ಯಾಕಪ್ ಮಾಡಿಕೊಳ್ಳಬಹುದೆಂದು ಹೆಸರಿಟ್ಟು ಹೇಳುವ ವಾಕ್ಯ ಕಾಯಿದೆಯಲ್ಲಿಲ್ಲ. ಅಂತಹ ವಾಕ್ಯ ಇರುವುದು ಕಂಪ್ಯೂಟರ್ ತಂತ್ರಾಂಶಕ್ಕೆ. ಆದ್ದರಿಂದ ನಾನು ಕೊಂಡದ್ದಕ್ಕೆ ಮಾತ್ರ ಪ್ರತಿ ಮಾಡುತ್ತೇನೆ, ಬಾಡಿಗೆಗೆ ತಂದದ್ದಕ್ಕೂ ಎರವಲು ತಂದದ್ದಕ್ಕೂ ಇಲ್ಲ. ಪ್ರತಿಯನ್ನು ಯಾರಿಗೂ ಕೊಡುವುದಿಲ್ಲ. ಮೂಲವನ್ನು ಕೊಟ್ಟೆನಾದರೆ ಪ್ರತಿಯನ್ನು ಅಳಿಸುತ್ತೇನೆ. ನಾನು ವಕೀಲನಲ್ಲ; ಇದು ನನ್ನ ಮನಸ್ಸಾಕ್ಷಿಗೆ ನಾನು ಕೊಟ್ಟುಕೊಂಡ ಶಿಸ್ತು. ಅಂದಹಾಗೆ, ಇನ್ನೊಬ್ಬರಿಗಾಗಿ ಬೀಗ ತೆಗೆದುಕೊಡುವವನು ಅವರ ಹೆಸರು ವಿಳಾಸ ಮುಂತಾದ ವಿವರಗಳನ್ನೆಲ್ಲ ಬರೆದಿಟ್ಟುಕೊಳ್ಳತಕ್ಕದ್ದೆಂದು ಅದೇ ಕಲಂ ವಿಧಿಸುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯ ಸಂದಿಗೊಂದಿಗಳಲ್ಲೆಲ್ಲ ಅಲೆದ ನನಗೆ ಅಂತಹ ಲೆಕ್ಕದ ಪುಸ್ತಕವೊಂದೂ ಇದುವರೆಗೆ ಕಣ್ಣಿಗೆ ಬಿದ್ದಿಲ್ಲ.

ನಮ್ಮಲ್ಲಿಯೇ ಅಚ್ಚಾದ ಬಿಲ್ಲೆಗಳಲ್ಲಿ ಹಲವಕ್ಕೆ ಬೀಗವೇ ಇಲ್ಲವೆಂಬುದು ಕೆಲಸಕ್ಕೆ ಕೂತಮೇಲೆ ತಿಳಿಯಿತು. ಮೋಸರ್ ಬೇರ್ ಕಂಪನಿ 2007ರ ಸುಮಾರಿಗೆ ವಿಸಿಡಿಯನ್ನು 28 ರೂಪಾಯಿಗೂ ಡಿವಿಡಿಯನ್ನು 34 ರೂಪಾಯಿಗೂ ಮಾರಲು ತೊಡಗಿದಾಗ, ಕಳ್ಳಪ್ರತಿಯನ್ನು ಸೋಲಿಸಲು ಬೆಲೆಯೇ ಎಲ್ಲ ಬೀಗಗಳಿಗಿಂತ ದೊಡ್ಡ ಬೀಗವೆಂಬುದನ್ನು ಅದು ಕಂಡುಕೊಂಡಿತ್ತು. ಆ ಕಂಪನಿಯೂ 2018ರಲ್ಲಿ ಸಮಾಪನೆಗೆ ಹೋಯಿತು. ಹೊರದೇಶದ ಬಿಲ್ಲೆಗಳಿಗಾದರೋ ಬೀಗದ ಮೇಲೆ ಬೀಗ. ಸೋದರಳಿಯ ಮೊದಲ ಸಲ ತಂದ ಕುರೊಸಾವಾನ ‘ಸೆವೆನ್ ಸಮುರಾಯ್’ ಚಿತ್ರವನ್ನು ನಮ್ಮ ಪ್ಲೇಯರು ಒಪ್ಪಲೇ ಇಲ್ಲ. ಮಾರಾಟಕ್ಕಾಗಿ ಜಗತ್ತನ್ನು ವಲಯಗಳಾಗಿ ಹಂಚಿದ ಲೆಕ್ಕದಲ್ಲಿ ಅದು ಒಂದನೆಯ ವಲಯದ ಬಿಲ್ಲೆ, ಭಾರತ ಐದನೆಯ ವಲಯ. ಕಂಪ್ಯೂಟರಿನ ಡ್ರೈವಾದರೆ ವಲಯವನ್ನು ಐದು ಸಲ ಬದಲಾಯಿಸಗೊಡುತ್ತದೆ. ಐದನೆಯ ಸಲ ಯಾವುದಿತ್ತೋ ಅದೇ ಅದರ ಶಾಶ್ವತ ಪೌರತ್ವ. ಎರಡು ಡ್ರೈವುಗಳನ್ನಿಟ್ಟುಕೊಂಡು ಒಂದನ್ನು ಐದಕ್ಕೂ ಇನ್ನೊಂದನ್ನು ಒಂದಕ್ಕೂ ಕಟ್ಟಿಹಾಕಿದ್ದೇ ನಾನು ಕಂಡ ಸುಲಭೋಪಾಯ.

ಇದಕ್ಕಿಂತ ಕುಟಿಲವಾದದ್ದು ಸೋನಿ ಕಂಪನಿಯ ‘ಆರ್ಕೋಸ್’ ಎಂಬ ಉಪಾಯ. ಬಿಲ್ಲೆಯ ಮೇಲೆ ಬೇಕೆಂದೇ ಕೆಲವು ಕೆಟ್ಟ ಖಂಡಗಳನ್ನು ಇಟ್ಟಿರುತ್ತಾರೆ. ಪ್ಲೇಯರು ಬಿಲ್ಲೆಯೊಳಗಿನ ಸೂಚಿಯನ್ನು ಅನುಸರಿಸಿ ನಡೆಯುವುದರಿಂದ ಅವುಗಳ ಮೇಲೆ ಕಾಲಿಡುವುದೇ ಇಲ್ಲ. ಮೊದಲಿಂದ ಕೊನೆಯವರೆಗೆ ಸಾಲಾಗಿ ಓದಿಕೊಂಡು ಬರುವ ನಕಲಿನ ತಂತ್ರಾಂಶ, ಸೊಪ್ಪು ಮುಚ್ಚಿದ ಗುಂಡಿಗೆ ಆನೆ ಬೀಳುವ ಹಾಗೆ, ಹೋಗಿ ಬೀಳುತ್ತದೆ. ಇಂತಹ ಬಿಲ್ಲೆ ಅರ್ಧದಲ್ಲಿ ನಿಂತರೆ ಕೊಳೆಯೆಂದು ತಿಳಿದು ಉಜ್ಜಿ ಉಜ್ಜಿ ಗೀರು ಬೀಳಿಸಿದ ಮೂರ್ಖತನ ನನ್ನದು. ಸೂಚಿಯನ್ನು ಪ್ಲೇಯರಿನಂತೆಯೇ ಅನುಸರಿಸಿ ಓದುವ ತಂತ್ರಾಂಶಗಳು ಈಗ ಇವೆ. ಬಿಲ್ಲೆಯನ್ನು ದೂರುವ ಮೊದಲು ಅವುಗಳಲ್ಲೊಂದನ್ನು ಪ್ರಯತ್ನಿಸಿ ನೋಡುವುದು ಉಚಿತ.

ಸರಿ, ಬೀಗ ತೆರೆಯಿತು. ಏನನ್ನು ಎತ್ತಿಡೋಣ?

ಮೊದಲ ಸ್ನೇಹಿತರು ಹೇಳಿದ ಬಿಲ್ಲೆಯಿಂದ ಬಿಲ್ಲೆಗೆ ಎಂಬ ಮಾರ್ಗ ಅತ್ಯಂತ ಹಳೆಯದು, ಮತ್ತು ನನ್ನ ಅಭಿಪ್ರಾಯದಲ್ಲಿ ಇಂದು ಅತ್ಯಂತ ಅವಿವೇಕದ್ದು. ಅಂಗಡಿಯಲ್ಲಿ ಕೊಂಡ ಚಿತ್ರ ಸಾಮಾನ್ಯವಾಗಿ ಎರಡು ಪದರದ್ದು, 8.5 ಗಿಗಾಬೈಟಿನವರೆಗೆ, ಅಗ್ಗದ ಖಾಲಿ ಬಿಲ್ಲೆ ಒಂದು ಪದರದ್ದು, 4.7. ಒಂದು ಪಲ್ಲ ರಾಗಿಯನ್ನು ಅರ್ಧ ಪಲ್ಲದ ಚೀಲಕ್ಕೆ ತುಂಬಬೇಕಾದರೆ ಯಾವುದನ್ನಾದರೂ ಚೆಲ್ಲಲೇಬೇಕು. ಇಪ್ಪತ್ತು ವರ್ಷಗಳ ಹಿಂದೆ ಮನೆಮನೆಯಲ್ಲಿ ಮೆರೆಯುತ್ತಿದ್ದ ‘ಡಿವಿಡಿ ಶ್ರಿಂಕ್’ ಎಂಬ ತಂತ್ರಾಂಶ ಮಾಡುತ್ತಿದ್ದದ್ದು ಇದನ್ನೇ. ಅದು ಚೆಲ್ಲಿದ ಕಾಳುಗಳನ್ನು ಕತ್ತಲೆಯ ದೃಶ್ಯಗಳಲ್ಲಿಯೂ ಮಳೆಯ ದೃಶ್ಯಗಳಲ್ಲಿಯೂ ಕಣ್ಣಾರೆ ಕಾಣಬಹುದಾಗಿತ್ತು. ಇದಕ್ಕಿಂತ ಗುರುತರವಾದ ಆಕ್ಷೇಪ ಬೇರೆಯಿದೆ. ಕಾರ್ಖಾನೆಯ ಬಿಲ್ಲೆಯಲ್ಲಿ ಗುಳಿಗಳು ಅಚ್ಚೊತ್ತಿದವು. ನಾವು ಬರೆದುಕೊಂಡ ಬಿಲ್ಲೆಯಲ್ಲಿ ಗುರುತುಗಳು ಬಣ್ಣದ ಪದರವೊಂದನ್ನು ಲೇಸರಿನಿಂದ ಸುಟ್ಟು ಮಾಡಿದವು, ಆ ಬಣ್ಣವೋ ಬಿಸಿಲಿಗೂ ಶಾಖಕ್ಕೂ ಕಾಲಕ್ಕೂ ಅಂಜುವಂಥದ್ದು. ಶಿಲಾಶಾಸನವನ್ನು ರಕ್ಷಿಸಲೆಂದು ಅದನ್ನು ರಂಗವಲ್ಲಿಯಲ್ಲಿ ನಕಲು ಮಾಡಿದಂತೆ ಇದು.

ಎರಡನೆಯ ಮಾರ್ಗ ಇಡೀ ಬಿಲ್ಲೆಯನ್ನು ಒಂದೇ ಕಡತವಾಗಿ, ಐಎಸ್ಒ ರೂಪದಲ್ಲಿ, ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುವುದು. ಇದರಲ್ಲಿ ಮೆನುವೂ ಬರುತ್ತದೆ, ಎಲ್ಲ ಭಾಷೆಯ ಧ್ವನಿಗಳೂ ಅಡಿಬರಹಗಳೂ ಬರುತ್ತವೆ, ನಿರ್ದೇಶಕನ ಸಂದರ್ಶನವೂ ಬರುತ್ತದೆ, ಬೇಡದ ಜಾಹೀರಾತುಗಳೂ ಬರುತ್ತವೆ. ಮೂರನೆಯದು, ಚಿತ್ರವೊಂದನ್ನೇ ಅದರ ಧ್ವನಿ ಅಡಿಬರಹಗಳ ಸಮೇತ, ಒಂದು ಅಂಶವೂ ಕುಂದದಂತೆ, ಎಂಕೆವಿ ಎಂಬ ಬೇರೊಂದು ಪಾತ್ರೆಗೆ ಬಗ್ಗಿಸಿಕೊಳ್ಳುವುದು. ‘ಮೇಕ್ ಎಂಕೆವಿ’ ಮುಂತಾದ ತಂತ್ರಾಂಶಗಳು ಮಾಡುವ ಕೆಲಸ ಇದು. ಹಾಲು ಅದೇ, ಪಾತ್ರೆ ಮಾತ್ರ ಬದಲು. ನಾಲ್ಕನೆಯದು, ‘ಹ್ಯಾಂಡ್‌ಬ್ರೇಕ್’ ಮುಂತಾದವುಗಳಿಂದ ಚಿತ್ರವನ್ನು ಹೊಸ ಕ್ರಮದಲ್ಲಿ ಹಿಂಡಿ, ಆರೇಳು ಗಿಗಾಬೈಟಿನದನ್ನು ಒಂದೂವರೆಗೋ ಎರಡಕ್ಕೋ ಇಳಿಸುವುದು. ಮೊದಮೊದಲು ನಾನು ಮನಸೋತದ್ದು ಈ ನಾಲ್ಕನೆಯದಕ್ಕೆ. ಸ್ಥಳ ಉಳಿಯುತ್ತದೆ, ಮೊಬೈಲಿನಲ್ಲಿಯೂ ಓಡುತ್ತದೆ, ಕಣ್ಣಿಗೆ ವ್ಯತ್ಯಾಸ ಕಾಣುವುದಿಲ್ಲ. ಇನ್ನೇನು ಬೇಕೆಂದು, ನಲವತ್ತು ಚಿತ್ರಗಳನ್ನು ಹಾಗೆಯೇ ಮಾಡಿ ಮುಗಿಸಿದೆ.

ತಪ್ಪು ಹೊರಬಿದ್ದದ್ದು ನಿಧಾನವಾಗಿ. ಡಿವಿಡಿಯ ಅಡಿಬರಹಗಳು ಅಕ್ಷರಗಳಲ್ಲ, ಪುಟ್ಟ ಪುಟ್ಟ ಚಿತ್ರಗಳು. ಹಿಂಡುವಾಗ ಅವನ್ನು ಬೇಕೆಂದು ಗುರುತುಹಾಕದಿದ್ದರೆ ಸದ್ದಿಲ್ಲದೆ ಬಿದ್ದುಹೋಗುತ್ತವೆ. 207 ನಿಮಿಷದ ಕುರೊಸಾವಾ ಚಿತ್ರ ಅಡಿಬರಹವಿಲ್ಲದೆ ನನ್ನ ಮುಂದೆ ಜಪಾನೀ ಭಾಷೆಯಲ್ಲಿ ಗದರುತ್ತ ಕುಳಿತಿತು. ಇನ್ನು ಕೆಲವಲ್ಲಿ, ಟಿವಿಗೆಂದು ಒಂದುಬಿಟ್ಟು ಒಂದು ಗೆರೆಯಾಗಿ ಹೆಣೆದ ದೃಶ್ಯಗಳನ್ನು ಬಿಡಿಸುವಾಗ ಎಡವಟ್ಟಾಗಿ, ನರ್ತಕಿಯ ಕೈ ಬಾಚಣಿಗೆಯ ಹಲ್ಲಿನಂತೆ ಸೀಳಿಹೋಗಿತ್ತು. ಮತ್ತೊಂದೆರಡರಲ್ಲಿ ನಾನೇ ಬುದ್ಧಿವಂತಿಕೆ ತೋರಿಸಹೋಗಿದ್ದೆ: ಸೆಕೆಂಡಿಗೆ 24 ಚೌಕಟ್ಟಿನ ಚಿತ್ರವನ್ನು ನಮ್ಮ ಪ್ಯಾಲ್ ಪದ್ಧತಿಯ ಬಿಲ್ಲೆಗಳಲ್ಲಿ 25ರಂತೆ ಓಡಿಸುವುದರಿಂದ ಎರಡೂವರೆ ಗಂಟೆಯ ಚಿತ್ರ ಆರು ನಿಮಿಷ ಮುಂಚೆಯೇ ಮುಗಿಯುತ್ತದೆ, ಇದನ್ನು ತಿದ್ದುತ್ತೇನೆಂದು ಹೊರಟು ಮಾತಿಗೂ ತುಟಿಗೂ ಸಂಬಂಧ ತಪ್ಪಿಸಿದೆ. ಹಿಂಡಿದ್ದನ್ನು ಮತ್ತೆ ಮೂಲಸ್ಥಿತಿಗೆ ತರುವ ದಾರಿ ಇಲ್ಲ. ಮೂಲ ಬಿಲ್ಲೆಗಳು ಇನ್ನೂ ಬೀರುವಿನಲ್ಲಿದ್ದುವಾಗಿ ಬದುಕಿಕೊಂಡೆ. ನಲವತ್ತನ್ನೂ ಮೊದಲಿನಿಂದ ಮಾಡಬೇಕಾಯಿತು.

ಮೇಲುಕೋಟೆಗೆ ಹೋದವರು ನೋಡಿಯೇ ಇರುತ್ತಾರೆ. ಗರ್ಭಗುಡಿಯಲ್ಲಿರುವ ತಿರುನಾರಾಯಣನ ಮೂಲವಿಗ್ರಹ ಅಲ್ಲಿಂದ ಕದಲುವುದಿಲ್ಲ. ವೈರಮುಡಿಯ ರಾತ್ರಿ ಕಿರೀಟ ಧರಿಸಿ ಬೀದಿಗೆ ಬಂದು, ಜನಜಂಗುಳಿಯ ನಡುವೆ ಭಕ್ತರ ಹೆಗಲೇರಿ ಮೆರೆಯುವವನು ಉತ್ಸವಮೂರ್ತಿಯಾದ ಚೆಲುವಪಿಳ್ಳೆ. ಹೊರಗೆ ಬರುವುದಕ್ಕೆ ಹಗುರವಾದದ್ದೊಂದು ಬೇಕು, ಒಳಗೆ ಇರುವುದಕ್ಕೆ ಅಚಲವಾದದ್ದೊಂದು ಬೇಕು ಎಂದು ನಮ್ಮ ಹಿರಿಯರು ಗೊಂದಲವಿಲ್ಲದೆ ಏರ್ಪಡಿಸಿದ್ದರು. ಹಿಂಡಿದ ಪ್ರತಿ ಉತ್ಸವಮೂರ್ತಿ. ಮೊಬೈಲಿನಲ್ಲಿ ಬಸ್ಸಿನಲ್ಲಿ ನೋಡುವುದಕ್ಕೆ ಅದು ಸೊಗಸಾದದ್ದೇ, ಹಾಳಾದರೆ ಮತ್ತೊಂದು ಮಾಡಿಕೊಳ್ಳಬಹುದು. ನನ್ನ ತಪ್ಪೆಂದರೆ ಉತ್ಸವಮೂರ್ತಿಯನ್ನು ಎರಕಹೊಯ್ದು ಗರ್ಭಗುಡಿಯನ್ನು ಖಾಲಿ ಬಿಟ್ಟದ್ದು. ಈಗ ನಾನು ಮಾಡುವ ಕ್ರಮ ಇದು: ಬಿಲ್ಲೆಯೇ ಒಂದು ಕೃತಿಯೆನ್ನುವಂತೆ ವ್ಯಾಖ್ಯಾನ, ಸಂದರ್ಶನ, ಸೊಗಸಾದ ಮೆನುಗಳಿಂದ ಕೂಡಿದ್ದರೆ ಅದಕ್ಕೆ ಐಎಸ್ಒ, ಚಿತ್ರವೊಂದರ ಹೊರತು ಬೇರೇನೂ ಇಲ್ಲದ್ದಕ್ಕೆ, ಒಂದೇ ಬಿಲ್ಲೆಗೆ ಮೂರು ಚಿತ್ರ ತುರುಕಿದ ನಮ್ಮ ಕಡೆಯವುಗಳಿಗೆ, ಎಂಕೆವಿ. ಇವೆರಡರಲ್ಲೊಂದು ಆದಮೇಲೆ, ಬೇಕೆನಿಸಿದರೆ ಮಾತ್ರ, ಸಣ್ಣದು.

ಸ್ಥಳದ ಚಿಂತೆಯಿಂದ ಹಿಂಡುವವರು ಒಂದು ಗುಣಾಕಾರ ಮಾಡಿ ನೋಡಬೇಕು. ನನ್ನ 214 ಬಿಲ್ಲೆಗಳು, ತಲಾ ಆರು ಗಿಗಾಬೈಟೆಂದು ಹಿಡಿದರೆ, 1.3 ಟೆರಾಬೈಟನ್ನು ಮುಟ್ಟುವುದಿಲ್ಲ. ಎರಡು ಟೆರಾಬೈಟಿನ ಒಂದು ಹಾರ್ಡ್ ಡಿಸ್ಕಿನಲ್ಲಿ ಎಲ್ಲವೂ ಹಿಡಿದು ಮಿಗುತ್ತದೆ. ಅಂತಹವು ಎರಡಿವೆ, ಒಂದು ನನ್ನ ಮೇಜಿನ ಸೆಳೆಖಾನೆಯಲ್ಲಿ, ಮತ್ತೊಂದು ಮೈಸೂರಿನಲ್ಲಿ ಅಕ್ಕನ ಮನೆಯ ಗಾಡ್ರೇಜ್ ಬೀರುವಿನಲ್ಲಿ, ಅವಳ ರೇಷ್ಮೆಸೀರೆಗಳ ಆಶ್ರಯದಲ್ಲಿ. ಪ್ರತಿಯೊಂದು ಕಡತಕ್ಕೂ ಚೆಕ್‌ಸಮ್ ಎಂಬ ಬೆರಳಚ್ಚು ತೆಗೆದು ಬರೆದಿಟ್ಟುಕೊಂಡು, ವರ್ಷಕ್ಕೊಮ್ಮೆ ಹೊಸದಾಗಿ ತೆಗೆದು ಹೋಲಿಸುತ್ತೇನೆ. ಒಂದು ಅಂಶ ಕದಲಿದರೂ ಅದು ಹೇಳಿಬಿಡುತ್ತದೆ. ಆದರೂ ಚಿತ್ರವನ್ನು ಆದಿ ಮಧ್ಯ ಅಂತ್ಯಗಳಲ್ಲಿ ಓಡಿಸಿ ನೋಡುವುದನ್ನು ಬಿಟ್ಟಿಲ್ಲ, ಯಾಕೆಂದರೆ ತಪ್ಪಾಗಿ ಇಳಿಸಿಕೊಂಡದ್ದರ ಬೆರಳಚ್ಚು ಸಹ ಸರಿಯಾಗಿಯೇ ಹೊಂದುತ್ತದೆ. ಮಧ್ಯವನ್ನು ವಿಶೇಷವಾಗಿ ನೋಡಬೇಕು. ಲೇಸರು ಒಂದು ಪದರವನ್ನು ಮುಗಿಸಿ ಇನ್ನೊಂದಕ್ಕೆ ಹಾಯುವ ಸ್ಥಳ ಸಾಮಾನ್ಯವಾಗಿ ಅಲ್ಲಿಯೇ, ಮುಗ್ಗರಿಸುವುದೂ ಅಲ್ಲಿಯೇ.

ಬಿಲ್ಲೆಯನ್ನು ಒರೆಸುವುದು ಹೇಗೆಂಬುದನ್ನೂ ಬಹುಮಂದಿ ತಪ್ಪು ತಿಳಿದಿದ್ದಾರೆ. ಹಿತ್ತಾಳೆ ತಟ್ಟೆಯನ್ನು ಬೆಳಗುವ ಹಾಗೆ ಸುತ್ತಿ ಸುತ್ತಿ ಒರೆಸಿದರೆ ಬೀಳುವ ಗೀರು ಮಾಹಿತಿಯ ಗೀಟಿನ ಗುಂಟವೇ ಬಿದ್ದು ಉದ್ದಕ್ಕೂ ಕೆಡಿಸುತ್ತದೆ. ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿದರೆ ಬಿದ್ದ ಗೀರು ಅಡ್ಡ ಹಾಯುವುದರಿಂದ ಡ್ರೈವು ಅದನ್ನು ದಾಟಿಕೊಳ್ಳುತ್ತದೆ. ಡಬ್ಬಿಯ ನಡುವಣ ಗುಬುಟು ಬಿಗಿಯಾಗಿದ್ದರೆ ಬಿಲ್ಲೆಯನ್ನು ಬಾಗಿಸಿ ಕೀಳಬಾರದು. ಅಂಟಿಸಿದ ಎರಡು ಹಾಳೆಗಳು ಬಿರಿಯುವುದು ಹಾಗೆ.

ಇಷ್ಟೆಲ್ಲ ಶಾಸ್ತ್ರ ಹೇಳಿದವನು ಒಂದು ಸಂಗತಿಯನ್ನು ಮುಚ್ಚಿಡುವುದು ಸರಿಯಲ್ಲ. ಬೀಗ ಹಾಕಿದ ಬಿಲ್ಲೆಗಳೆಲ್ಲ ಮುಗಿದ ಮೇಲೆ, ಕೆಳಗಿನ ಅಂಕಣದ ಮೂಲೆಯಲ್ಲಿ, ಒಂದು ಕೆಂಪು ಮಖಮಲ್ಲಿನ ಡಬ್ಬಿ ಸಿಕ್ಕಿತು. ಅಕ್ಕನ ಮಗಳ ಮದುವೆಯದು, 2006ರದು. ಫೋಟೋ ಸ್ಟುಡಿಯೋದವರು ಬರೆದುಕೊಟ್ಟ ಬಿಲ್ಲೆ, ಅದರ ಬೆನ್ನಿಗೆ ವಧೂವರರ ಚಿತ್ರದ ಕಾಗದ ಅಂಟಿಸಿದ್ದರು. ಅದಕ್ಕೆ ಬೀಗವಿರಲಿಲ್ಲ, ಕಾಯಿದೆಯ ತೊಡಕಿರಲಿಲ್ಲ. ಈ ಹದಿನೆಂಟು ಇಪ್ಪತ್ತು ವರ್ಷಗಳಲ್ಲಿ ಯಾವ ದಿನ ಬೇಕಾದರೂ ಹತ್ತು ನಿಮಿಷದಲ್ಲಿ ಪ್ರತಿ ಮಾಡಿಕೊಳ್ಳಬಹುದಾಗಿತ್ತು. ಕಾಗದ ಉಬ್ಬಿತ್ತು, ಅಂಚಿನ ಬಣ್ಣ ತಿಳಿಯಾಗಿತ್ತು. ಎರಡು ಡ್ರೈವುಗಳೂ ಇದು ಖಾಲಿ ಬಿಲ್ಲೆಯೆಂದುವು.

‘ಡಿಡಿರೆಸ್ಕ್ಯೂ’ ಎಂಬ ತಂತ್ರಾಂಶವೊಂದುಂಟು. ಓದಲು ಬರುವ ಖಂಡಗಳನ್ನೆಲ್ಲ ಮೊದಲು ಎತ್ತಿಕೊಂಡು, ಬಾರದವುಗಳ ಪಟ್ಟಿ ಮಾಡಿಟ್ಟು, ಮತ್ತೆ ಮತ್ತೆ ಅವುಗಳ ಬಾಗಿಲು ತಟ್ಟುವುದು ಅದರ ರೀತಿ. ಒಂದು ಡ್ರೈವು ಸೋತರೆ ಅದೇ ಪಟ್ಟಿಯೊಂದಿಗೆ ಇನ್ನೊಂದರಲ್ಲಿ ಮುಂದುವರಿಸಬಹುದು. ನೆರೆಮನೆಯ ಹುಡುಗನಿಂದ ಒಂದು ಹಳೆಯ ಡ್ರೈವನ್ನು ಎರವಲು ತಂದೆ. ಅದು ಬಿಲ್ಲೆಯನ್ನು ಗುರುತು ಹಿಡಿಯಿತು. ಎರಡು ರಾತ್ರಿ ಓಡಿತು. ಮೂರನೆಯ ದಿನ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು.

“ಮುಹೂರ್ತ ಬಂತೇನೋ?”

“ಬಂತು ಅಕ್ಕ. ಧಾರೆ ಬಂದಿದೆ, ಸಪ್ತಪದಿ ಬಂದಿದೆ. ಊಟದ ಪಂಕ್ತಿ ಅರ್ಧ ಇಲ್ಲ.”

“ಊಟದ್ದು ಹೋದರೆ ಹೋಗಲಿ ಬಿಡೋ. ಅದನ್ನ ಯಾರು ನೋಡ್ತಾರೆ?”

ಆ ಪಂಕ್ತಿಯಲ್ಲಿ ಅಪ್ಪ ತುಪ್ಪ ಬಡಿಸುತ್ತ ಬರುತ್ತಾರೆ. ಮೂರನೆಯ ಎಲೆಯ ಹತ್ತಿರ ಬಾಗಿ, ಯಾರಿಗೋ ಏನೋ ಹೇಳಲೆಂದು ಈ ಕಡೆಗೆ ಮುಖ ತಿರುಗಿಸುವಾಗ ಚೌಕಗಳು ಎದ್ದು ಚಿತ್ರ ನಿಲ್ಲುತ್ತದೆ. ಅವರು ಚಲಿಸುವ ಚಿತ್ರ ನಮ್ಮಲ್ಲಿ ಬೇರೆ ಇಲ್ಲವೆಂಬುದು ಅಕ್ಕನಿಗೆ ಆ ಕ್ಷಣ ನೆನಪಿಗೆ ಬಂದಿರಲಿಲ್ಲ, ನಾನೂ ನೆನಪಿಸಲಿಲ್ಲ. ಪಟ್ಟಿಯಲ್ಲಿ ಇನ್ನು ಸಾವಿರದ ಚಿಲ್ಲರೆ ಖಂಡಗಳು ಬಾಕಿ ಇವೆ, ಒಂದೊಂದು 2048 ಬೈಟಿನದು. ಹುಡುಗನಿಗೆ ಡ್ರೈವನ್ನು ಬರುವ ವಾರ ಕೊಡುತ್ತೇನೆಂದು ಹೇಳಿ, ವೇಗವನ್ನು ತೀರ ಕೆಳಗಿಳಿಸಿ, ಮತ್ತೆ ಓಡಿಸಲು ಬಿಟ್ಟಿದ್ದೇನೆ.